ನಕ್ಷೆಗಳಲ್ಲಿ ಉಳಿದುಬಂದ ವಿದ್ಯಾಪೀಠದ ತೋಟಗಳು

ತೋಟವೊಂದರ ಚರಿತ್ರೆಯನ್ನು ಬರೆಯುವುದು ಕಟ್ಟಡದ ಚರಿತ್ರೆಯನ್ನು ಬರೆಯುವುದಕ್ಕಿಂತ ಕಷ್ಟದ ಕೆಲಸ. ಕಲ್ಲಿನ ಗೋಡೆ ಶತಮಾನಗಳ ಕಾಲ ನಿಲ್ಲಬಹುದು. ಆದರೆ ಆರೈಕೆ ತಪ್ಪಿದ ಹೂಪಾತಿಗಳು ಕೆಲವೇ ವರ್ಷಗಳಲ್ಲಿ ಕಳೆಯಲ್ಲಿ ಮುಚ್ಚಿಹೋಗುತ್ತವೆ. ಆದುದರಿಂದ ಯುರೋಪಿನ ಹಳೆಯ ವಿಶ್ವವಿದ್ಯಾಲಯಗಳ ತೋಟಗಳನ್ನು ಅರಿಯಲು ವಿದ್ವಾಂಸರು ಎರಡು ಬಗೆಯ ಚಿತ್ರಗಳನ್ನು ಆಶ್ರಯಿಸುತ್ತಾರೆ. ತೋಟ ಮುಂದೆ ಹೇಗಿರಬೇಕೆಂದು ವಿನ್ಯಾಸಕಾರ ಬರೆದುಕೊಡುವ ನಕ್ಷೆ ಮೊದಲನೆಯದು. ಇರುವ ತೋಟವನ್ನು ನೋಡಿ ಕಲಾವಿದ ಬಿಡಿಸುವ ನೋಟಚಿತ್ರ ಎರಡನೆಯದು. ಇವೆರಡರ ಉದ್ದೇಶವೂ ಬೇರೆಯಾದ್ದರಿಂದ ಇವುಗಳನ್ನು ಓದುವ ಕ್ರಮವೂ ಬೇರೆಯಾಗಬೇಕು.

ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ತೋಟ 1590ರಲ್ಲಿ ಸ್ಥಾಪನೆಯಾಯಿತು. ಸಸ್ಯವಿಜ್ಞಾನಿ ಕಾರೊಲಸ್ ಕ್ಲೂಸಿಯಸ್‌ನ ನೇತೃತ್ವದಲ್ಲಿ 1594ರ ಹೊತ್ತಿಗೆ ಅದು ರೂಪುಗೊಂಡಾಗ, ಯಾವ ಪಾತಿಯಲ್ಲಿ ಯಾವ ಗಿಡವಿದೆಯೆಂಬ ಪಟ್ಟಿಯೂ ಸಿದ್ಧವಾಯಿತು. 1610ರ ಮುದ್ರಿತ ಚಿತ್ರವೊಂದು ಅದೇ ತೋಟದ ನೀಳ ಪಾತಿಗಳನ್ನೂ ಅವುಗಳ ನಡುವೆ ಅಡ್ಡಾಡುವ ಜನರನ್ನೂ ತೋರಿಸುತ್ತದೆ. ತೋಟದ ಒಟ್ಟು ಆಕಾರವನ್ನು ಚಿತ್ರ ತಿಳಿಸಿದರೆ ಗಿಡಗಳ ಹೆಸರನ್ನು ಪಟ್ಟಿ ತಿಳಿಸುತ್ತದೆ. ಇಂಥ ದಾಖಲೆಗಳ ಬಲದಿಂದಲೇ ಕ್ಲೂಸಿಯಸ್‌ನ ತೋಟವನ್ನು ಲೈಡನ್‌ನಲ್ಲಿ ಮತ್ತೆ ನಿರ್ಮಿಸಲು ಸಾಧ್ಯವಾಯಿತು.

ಇಂಗ್ಲೆಂಡಿನಲ್ಲಿ ನೋಟಚಿತ್ರದ ಕಲೆಯನ್ನು ಎತ್ತರಕ್ಕೆ ಒಯ್ದವನು ಡೇವಿಡ್ ಲಾಗನ್. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಮಸಿ ತುಂಬಿ, ಕಾಗದದ ಮೇಲೆ ಒತ್ತಿ ತೆಗೆಯುವ ವಿಧಾನದಲ್ಲಿ ಅವನು ಆಕ್ಸ್‌ಫರ್ಡಿನ ಕಾಲೇಜುಗಳ ಚಿತ್ರಸಂಪುಟವನ್ನು 1675ರಲ್ಲಿಯೂ ಕೇಂಬ್ರಿಜ್‌ನ ಸಂಪುಟವನ್ನು 1690ರಲ್ಲಿಯೂ ಹೊರತಂದನು. ಆಗಸದಿಂದ ಹಕ್ಕಿ ಕಂಡಂತೆ ಬಿಡಿಸಿದ ಈ ಚಿತ್ರಗಳನ್ನು ವಿಹಂಗಮ ನೋಟಗಳೆನ್ನುತ್ತಾರೆ. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನ ಚಿತ್ರದಲ್ಲಿ ಹಳೆಯ ನಗರಗೋಡೆಯ ಒಳಗೆ ಮಣ್ಣು ಪೇರಿಸಿ ಎಬ್ಬಿಸಿದ ದಿಬ್ಬವಿದೆ. ಅದರ ಮುಂದಿನ ನೆಲ ನಾಲ್ಕು ಚೌಕಗಳಾಗಿದ್ದು, ಗಿಡಗಳನ್ನೇ ಗೆರೆಯಾಗಿ ಬೆಳೆಸಿ ರಾಜಲಾಂಛನ, ಕಾಲೇಜಿನ ಲಾಂಛನ ಮೊದಲಾದ ಆಕೃತಿಗಳನ್ನು ಮೂಡಿಸಲಾಗಿದೆ. ದಿಬ್ಬ ಇಂದಿಗೂ ಉಳಿದಿದ್ದರೂ ಆ ಆಕೃತಿಗಳು ಅಳಿದುಹೋಗಿವೆ. ಆದರೂ ಇಂಥ ಚಿತ್ರಗಳು ಕಾಲೇಜಿನ ಘನತೆಯನ್ನು ಸಾರಲು ರಚಿತವಾದವು. ಅವುಗಳಲ್ಲಿ ಒಣಗಿದ ಗಿಡವಾಗಲಿ ಕೆಸರಾದ ದಾರಿಯಾಗಲಿ ಕಾಣದಿರುವುದನ್ನು ಓದುಗರು ಗಮನಿಸಬೇಕು.

ವಿನ್ಯಾಸ ನಕ್ಷೆಯ ಸ್ವಭಾವವನ್ನು ತಿಳಿಯಲು ಕೇಂಬ್ರಿಜ್‌ಗಿಂತ ಒಳ್ಳೆಯ ಉದಾಹರಣೆ ವಿರಳ. ಅಲ್ಲಿ ಹಲವು ಕಾಲೇಜುಗಳ ಹಿಂಬದಿಯ ಹುಲ್ಲುಗಾವಲು ಮತ್ತು ಸಾಲುಮರಗಳ ನಡುವೆ ಕ್ಯಾಮ್ ನದಿ ಹರಿಯುತ್ತದೆ. ಈ ಪ್ರದೇಶಕ್ಕೆ 'ಬ್ಯಾಕ್ಸ್' ಎಂದು ಹೆಸರು. 'ಕೇಪಬಿಲಿಟಿ' ಎಂಬ ಅಡ್ಡಹೆಸರಿನಿಂದ ಪ್ರಸಿದ್ಧನಾದ ಭೂದೃಶ್ಯ ವಿನ್ಯಾಸಕಾರ ಲ್ಯಾನ್ಸ್‌ಲಾಟ್ ಬ್ರೌನ್ 1779ರಲ್ಲಿ ಇದಕ್ಕೊಂದು ನಕ್ಷೆ ಸಿದ್ಧಪಡಿಸಿದನು. ನೇರ ಸಾಲುಮರಗಳನ್ನು ತೆಗೆದು, ನದಿಯನ್ನು ಕೆರೆಯಂತೆ ಅಗಲಿಸಿ, ಬೇರೆಬೇರೆ ಕಾಲೇಜುಗಳ ನೆಲವನ್ನು ಒಂದೇ ಉದ್ಯಾನವಾಗಿ ಬೆಸೆಯುವುದು ಅವನ ಆಲೋಚನೆಯಾಗಿತ್ತು. ಆದರೆ ಪ್ರತಿ ಕಾಲೇಜೂ ತನ್ನ ಜಮೀನಿಗೆ ತಾನೇ ಒಡೆಯನಾಗಿದ್ದ ವ್ಯವಸ್ಥೆಯಲ್ಲಿ ಇಂಥ ಒಗ್ಗೂಡಿಕೆ ಸುಲಭವಿರಲಿಲ್ಲ. ನಕ್ಷೆ ಕಾಗದದಲ್ಲಿಯೇ ಉಳಿಯಿತು.

ಕಾರ್ಯರೂಪಕ್ಕೆ ಬಾರದ ನಕ್ಷೆ ನಿಷ್ಪ್ರಯೋಜಕವೆಂದು ಭಾವಿಸುವುದು ಸರಿಯಲ್ಲ. ಬ್ರೌನ್‌ನ ನಕ್ಷೆ ಇಲ್ಲದಿದ್ದರೆ ಬ್ಯಾಕ್ಸ್‌ನ ಇಂದಿನ ರೂಪ ತಾನಾಗಿಯೇ ಒದಗಿಬಂದದ್ದೆಂದು ತೋರುತ್ತಿತ್ತು. ಅದರ ಎದುರಿಗೆ ಬೇರೊಂದು ದಾರಿಯೂ ಇತ್ತು, ಅದನ್ನು ಹಿಡಿಯದೆ ಬಿಡಲಾಯಿತು ಎಂಬುದನ್ನು ಆ ನಕ್ಷೆಯೇ ತಿಳಿಸುತ್ತದೆ. ಹಾಗಾಗಿ ವಿಶ್ವವಿದ್ಯಾಲಯಗಳು ನೆಟ್ಟು ಬೆಳೆಸಿದ ತೋಟಗಳ ಚಿತ್ರಗಳೊಂದಿಗೆ, ಕೈಬಿಟ್ಟ ಯೋಜನೆಗಳ ನಕ್ಷೆಗಳನ್ನೂ ಸಮಾನ ಕಾಳಜಿಯಿಂದ ಕಾಪಾಡಬೇಕು.