ಸಂಧಿವಾತವೂ ಸ್ಮೃತಿಕ್ಷಯವೂ

ಮುಂಜಾನೆ ಹಾಸಿಗೆಯಿಂದೇಳುವಾಗ ಬೆರಳ ಗಿಣ್ಣುಗಳು ಮಡಿಸಲಾಗದಂತೆ ಬಿಗಿದುಕೊಂಡು, ಗಂಟೆ ಕಳೆದರೂ ಸಡಿಲಗೊಳ್ಳದೆ, ರವಿಕೆಯ ಗುಂಡಿ ಹಾಕಿಕೊಳ್ಳುವುದಕ್ಕೂ ಹಾಲಿನ ಪಾತ್ರೆಯನ್ನು ಒಲೆಯಿಂದಿಳಿಸುವುದಕ್ಕೂ ಇನ್ನೊಬ್ಬರ ಕೈಯನ್ನು ಕಾಯಬೇಕಾದ ಗೃಹಿಣಿಯರು ನಮ್ಮಲ್ಲಿ ಅನೇಕರುಂಟು. ರುಮಟಾಯ್ಡ್ ಸಂಧಿವಾತವೆಂಬ ಈ ವ್ಯಾಧಿ ಪುರುಷರಿಗಿಂತ ಸ್ತ್ರೀಯರನ್ನು ಎರಡು ಮೂರು ಪಟ್ಟು ಅಧಿಕವಾಗಿ ಪೀಡಿಸತಕ್ಕದ್ದು. ದೇಹವನ್ನು ರಕ್ಷಿಸಬೇಕಾದ ರೋಗನಿರೋಧಕ ಶಕ್ತಿಯೇ ದಿಕ್ಕುತಪ್ಪಿ ಕೀಲುಗಳ ಒಳಪೊರೆಯ ಮೇಲೆರಗುವುದು ಅದರ ಮೂಲ. ವಯಸ್ಸು ಏರಿದಂತೆ ಮೃದ್ವಸ್ಥಿ ಸವೆದು ಬರುವ ಮಂಡಿನೋವು ಬೇರೆ ಬಗೆಯದು. ಆದರೆ ದೀರ್ಘಕಾಲದ ಈ ಎರಡು ಬೇನೆಗಳೂ ಕೀಲಿನಲ್ಲಿಯೇ ನಿಲ್ಲದೆ, ನೆನಪು, ಏಕಾಗ್ರತೆ, ವಿವೇಚನೆಗಳನ್ನೂ ಮುಟ್ಟಬಲ್ಲವೆಂಬುದು ಈಚಿನ ದಶಕಗಳ ವೈದ್ಯಶೋಧನೆಯಿಂದ ತೋರಿಬರುತ್ತಿದೆ.

ಈ ಶೋಧನೆ ನಡೆದುಬಂದ ದಾರಿ ನೇರವಾದುದಲ್ಲ. 1990ರಲ್ಲಿ ಕೆನಡಾದ ಪ್ಯಾಟ್ರಿಕ್ ಮೆಕ್‌ಗೀರ್ ಮತ್ತು ಅವರ ಸಂಗಡಿಗರು, ಸಂಧಿವಾತದ ರೋಗಿಗಳಲ್ಲಿ ಮರೆವಿನ ಆಲ್ಜೈಮರ್ ವ್ಯಾಧಿ ನಿರೀಕ್ಷೆಗಿಂತ ವಿರಳವೆಂದು ಕಂಡು, ಆ ರೋಗಿಗಳು ವರ್ಷಗಟ್ಟಲೆ ಸೇವಿಸುವ ಉರಿಯೂತಶಾಮಕ ಔಷಧಗಳೇ ಮೆದುಳನ್ನು ಕಾಯುತ್ತಿರಬಹುದೆಂದು ತರ್ಕಿಸಿದರು. ಆ ತರ್ಕವನ್ನು ಒರೆಗೆ ಹಚ್ಚಲೆಂದು ಅಮೆರಿಕದಲ್ಲಿ 2001ರಲ್ಲಿ ವೃದ್ಧರಿಗೆ ನೆಪ್ರಾಕ್ಸೆನ್, ಸೆಲೆಕಾಕ್ಸಿಬ್ ಮಾತ್ರೆಗಳನ್ನು ಕೊಟ್ಟು ಆರಂಭಿಸಿದ ಪ್ರಯೋಗವು, ಹೃದಯಕ್ಕೆ ಅಪಾಯವಾದೀತೆಂಬ ಶಂಕೆಯಿಂದ 2004ರ ಅಂತ್ಯದಲ್ಲಿ ನಿಂತುಹೋಯಿತು. ಆ ಮಾತ್ರೆಗಳು ಮರೆವನ್ನು ತಡೆದುದೂ ಕಾಣಲಿಲ್ಲ. ಅತ್ತ ಫಿನ್‌ಲೆಂಡಿನ ವಿದ್ವಾಂಸರು, ನಡುವಯಸ್ಸಿನಲ್ಲಿ ಸಂಧಿವಾತವಿದ್ದವರಿಗೆ ಎರಡು ದಶಕಗಳ ತರುವಾಯ ಬೌದ್ಧಿಕ ಕ್ಷೀಣತೆಯ ಸಂಭವ ಹೆಚ್ಚೆಂದು 2012ರಲ್ಲಿ ವರದಿಮಾಡಿದರು.

ಕೀಲಿನ ಉರಿಯೂತಕ್ಕೂ ಮೆದುಳಿಗೂ ಎತ್ತಣ ಸಂಬಂಧ? ಜ್ವರ ಬಂದಾಗ ಮನಸ್ಸು ಮಂಕಾಗಿ, ಓದು ಮಾತು ಯಾವುದೂ ಬೇಡವೆನಿಸುವುದು ಸರ್ವರ ಅನುಭವ. ಉರಿಯೂತವನ್ನು ಎಬ್ಬಿಸುವ ಟಿಎನ್ಎಫ್, ಇಂಟರ್‌ಲ್ಯೂಕಿನ್-6 ಮೊದಲಾದ ದ್ರವ್ಯಗಳು ರಕ್ತದಲ್ಲಿ ಸಂಚರಿಸಿ, ಮೆದುಳಿನ ಕಾವಲುಕೋಶಗಳಾದ ಮೈಕ್ರೋಗ್ಲಿಯಾಗಳನ್ನು ಕೆರಳಿಸುವುದು ಅದರ ಒಂದು ಕಾರಣ. ಜ್ವರ ನಾಲ್ಕು ದಿನದಲ್ಲಿ ಇಳಿಯುತ್ತದೆ. ಚಿಕಿತ್ಸೆಯಿಲ್ಲದ ಸಂಧಿವಾತದಲ್ಲಿಯಾದರೋ ಆ ಕೆರಳಿಕೆ ವರ್ಷಾನುವರ್ಷ ಮುಂದುವರಿಯಬಹುದು. ಅದೇ ಉರಿಯೂತ ರಕ್ತನಾಳಗಳನ್ನೂ ಕೆಡಿಸುವುದರಿಂದ ಮೆದುಳಿಗಾಗುವ ಕ್ಷತಿ ಇಮ್ಮಡಿ.

ನೋವು ತನ್ನಷ್ಟಕ್ಕೆ ತಾನೇ ಇನ್ನೊಂದು ಹಾನಿ. ಮಂಡಿ ನೋಯುವವರು ನಡೆಯುವುದನ್ನು ಬಿಡುತ್ತಾರೆ. ನಡಿಗೆ ನಿಂತಮೇಲೆ ದೇವಸ್ಥಾನ, ನೆಂಟರ ಮನೆ, ಜಗುಲಿಯ ಹರಟೆ ಒಂದೊಂದಾಗಿ ತಪ್ಪಿ, ರಾತ್ರಿಯ ನಿದ್ರೆಯೂ ಕೆಟ್ಟು, ಖಿನ್ನತೆ ಆವರಿಸುತ್ತದೆ. ದೈಹಿಕ ನಿಷ್ಕ್ರಿಯತೆ, ಖಿನ್ನತೆ, ಒಂಟಿತನ ಈ ಮೂರೂ, ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ ಪಟ್ಟಿಮಾಡಿದ, ಮರೆಗುಳಿತನಕ್ಕೆ ಎಡೆಗೊಡುವ 14 ನಿವಾರಣೀಯ ಕಾರಣಗಳಲ್ಲಿ ಸೇರಿವೆ; ಅವೆಲ್ಲವನ್ನೂ ನಿವಾರಿಸಿದರೆ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅದರ ಅಂದಾಜು.

ಆಶಾದಾಯಕವಾದ ಸಾಕ್ಷ್ಯವೂ ಉಂಟು. ಸೊಂಟದ ಕೀಲು ಸವೆದು ಬಹುಕಾಲ ನೊಂದವರ ಮೆದುಳಿನ ಕೆಲವು ಭಾಗಗಳಲ್ಲಿ ಬೂದುದ್ರವ್ಯ ಕುಗ್ಗಿದ್ದುದನ್ನೂ, ಕೀಲು ಬದಲಿಸಿ ನೋವಳಿದ ಮೇಲೆ ಅದು ಮರಳಿ ವೃದ್ಧಿಹೊಂದಿದುದನ್ನೂ ಜರ್ಮನಿಯ ಸಂಶೋಧಕರು 2009ರಲ್ಲಿ ಪ್ರಕಟಿಸಿದರು.

ಆದುದರಿಂದ ಸಂಧಿವಾತವಿದ್ದವರೆಲ್ಲ ಬುದ್ಧಿ ಕಳೆದುಕೊಳ್ಳುವರೆಂದು ಯಾರೂ ಎದೆಗುಂದಬೇಕಾದುದಿಲ್ಲ. ಇಲ್ಲಿ ಹೆಚ್ಚುವುದು ಸಂಭವ ಮಾತ್ರ, ವಿಧಿಲಿಖಿತವಲ್ಲ. ಆದರೆ "ವಯಸ್ಸಾಯಿತು, ಸಹಿಸಿಕೋ" ಎಂದು ಮನೆಯ ಹಿರಿಯರನ್ನು ಮೂಲೆಗೆ ಕೂರಿಸುವುದು ಅನ್ಯಾಯ. ಬೆಳಗಿನ ಬಿಗಿತವೂ ಊತವೂ ಆರು ವಾರ ಮೀರಿದರೆ, ಅಂಗಡಿಯ ನೋವಿನ ಮಾತ್ರೆಯನ್ನು ನುಂಗಿಸುತ್ತ ಕೂರದೆ, ಅವರನ್ನು ಕೀಲುರೋಗ ತಜ್ಞರ ಬಳಿಗೆ ಕರೆದೊಯ್ಯಿರಿ. ನೋವು ಹದಕ್ಕೆ ಬಂದಮೇಲೆ ದಿನವೂ ಅವರೊಡನೆ ಮಾತನಾಡುತ್ತ ನಾಲ್ಕು ಹೆಜ್ಜೆ ನಡೆಯಿರಿ.