ಎಂಜಿನ್ ಆಯಿಲ್: ಕಿಲೋಮೀಟರ್ ಮಾತ್ರ ಲೆಕ್ಕವಲ್ಲ

ಯಜಮಾನರು ಗಲ್ಫ್‌ನಲ್ಲಿದ್ದು, ಕಾರಿನ ಹೊಣೆ ನಿಮ್ಮ ಮೇಲಿದೆಯೇ? 'ಹೆಚ್ಚು ಓಡಿಲ್ಲ, ಆಯಿಲ್ ಬದಲಿಸುವುದೇಕೆ?' ಎಂದುಕೊಳ್ಳಬೇಡಿ. ಕಕ್ಕಬೆಯಂತಹ ಮಳೆಯೂರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು ಬರುವಷ್ಟೇ ಓಡುವ ಕಾರಿನ ಎಂಜಿನ್ ಪೂರ್ತಿ ಬಿಸಿಯೇರುವುದಿಲ್ಲ. ಒಳಗಿನ ತೇವಾಂಶ ಆರದೆ ಆಯಿಲನ್ನು ಕೆಡಿಸುತ್ತದೆ.

ಹೊಸ ಪೆಟ್ರೋಲ್ ಕಾರುಗಳಿಗೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ. ಮಿನರಲ್ ಆಯಿಲ್ ಬಳಸುವ ಹಳೆಯ ಕಾರುಗಳಿಗೆ 5,000 ಕಿ.ಮೀ. ಅಥವಾ ಆರು ತಿಂಗಳು. ಯಾವುದು ಮೊದಲು ಬರುತ್ತದೋ ಅದೇ ಗಡುವು. ನಿಮ್ಮ ಕಾರಿನ ಲೆಕ್ಕವನ್ನು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಗುಡ್ಡದ ದಾರಿ, ಸಣ್ಣ ಓಡಾಟವಿದ್ದರೆ ಇನ್ನೂ ಬೇಗ ಬದಲಿಸಬೇಕು.

ತಿಂಗಳಿಗೊಮ್ಮೆ ಆಯಿಲ್ ಕಡ್ಡಿ ಎಳೆದು ನೋಡಿ. ಹಾಲು ಬೆರೆತಂತೆ ಕಂಡರೆ ಕೂಡಲೇ ಮೆಕ್ಯಾನಿಕ್‌ಗೆ ತೋರಿಸಿ. ತೆಗೆದ ಆಯಿಲನ್ನು ತೋಡಿಗೆ ಸುರಿಯಲು ಬಿಡಬೇಡಿ. ಕಕ್ಕಬೆ ಹೊಳೆಯ ನೀರು ಸೇರುವುದು ಕಾವೇರಿಯನ್ನೇ.