ಕುರಿ ಉಣ್ಣೆಯ ಇಳುವರಿಯನ್ನು ನಿರ್ಧರಿಸುವ ಅಂಶಗಳು ಹಾಗೂ ತ್ಯಾಜ್ಯ ಉಣ್ಣೆಯ ಸದ್ಬಳಕೆ



ರಾಜ್ಯದ ಒಣ ಪ್ರದೇಶಗಳಲ್ಲಿ ಕುರಿ ಸಾಕಾಣಿಕೆಯು ಮಳೆಯಾಶ್ರಿತ ಬೇಸಾಯಕ್ಕೆ ಆಸರೆಯಾಗಿ ಬಂದಿದೆ. ಆದರೆ ಇಂದು ಅನೇಕ ಕಡೆಗಳಲ್ಲಿ ಉಣ್ಣೆ ಮಾರಿ ಬಂದ ಹಣದಿಂದ ಅದನ್ನು ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ. ಹೀಗಾಗಿ ಉಣ್ಣೆಯನ್ನು ರಸ್ತೆಬದಿಯಲ್ಲಿ ಎಸೆಯುವುದು ಅಥವಾ ಸುಡುವುದು ಕಂಡುಬರುತ್ತಿದೆ. ಕತ್ತರಿಸದೆಯೇ ಬಿಡುವಂತೆಯೂ ಇಲ್ಲ. ಬಿಟ್ಟರೆ ಬೇಸಿಗೆಯಲ್ಲಿ ಕುರಿಗಳು ಬಳಲುತ್ತವೆ, ಹೇನು ಮತ್ತು ಉಣುಗುಗಳು ಹೆಚ್ಚುತ್ತವೆ. ಆದ್ದರಿಂದ ಕಂಬಳಿಗೆ ಯೋಗ್ಯವಾದ ಉಣ್ಣೆಯ ಪ್ರಮಾಣವನ್ನು ಹೆಚ್ಚಿಸಿಕೊಂಡು, ಉಳಿದುದನ್ನು ಸ್ವಂತ ಜಮೀನಿನಲ್ಲೇ ಬಳಸಿಕೊಳ್ಳುವುದು ಲಾಭದಾಯಕ.

ಇಳುವರಿಯನ್ನು ನಿರ್ಧರಿಸುವ ಅಂಶಗಳು

1. ತಳಿ: ನಮ್ಮ ಡೆಕ್ಕನಿ ಮತ್ತು ಬಳ್ಳಾರಿ ತಳಿಗಳು ಒರಟಾದ, ಹೆಚ್ಚಾಗಿ ಕಪ್ಪು ಅಥವಾ ಬೂದು ಬಣ್ಣದ ಉಣ್ಣೆ ನೀಡುತ್ತವೆ. ಇದು ಕಂಬಳಿ ಹಾಗೂ ನೆಲಹಾಸುಗಳಿಗೆ ಯೋಗ್ಯವೇ ಹೊರತು ಮೃದು ಉಡುಪಿಗಲ್ಲ. ಕೆಂಗುರಿ ಮತ್ತು ಬನ್ನೂರು ತಳಿಗಳನ್ನು ಮುಖ್ಯವಾಗಿ ಮಾಂಸಕ್ಕಾಗಿ ಸಾಕಲಾಗುತ್ತದೆ. ಅವುಗಳಿಂದ ಉಣ್ಣೆಯ ಆದಾಯವನ್ನು ನಿರೀಕ್ಷಿಸಬಾರದು.

2. ಗರ್ಭಾವಸ್ಥೆಯ ಆಹಾರ: ಉಣ್ಣೆ ಹುಟ್ಟುವ ಚರ್ಮದ ಕೂಪಗಳು ಬಹುಪಾಲು ಮರಿಯು ತಾಯಿಯ ಗರ್ಭದಲ್ಲಿರುವಾಗ ಹಾಗೂ ಜನಿಸಿದ ಮೊದಲ ಕೆಲವು ತಿಂಗಳುಗಳಲ್ಲಿ ರೂಪುಗೊಳ್ಳುತ್ತವೆ. ಈ ಹಂತದಲ್ಲಿ ಆದ ಕೊರತೆಯನ್ನು ಮುಂದೆ ಎಷ್ಟೇ ಮೇವು ಕೊಟ್ಟರೂ ಪೂರ್ಣವಾಗಿ ತುಂಬಲಾಗದು. ಆದ್ದರಿಂದ ಗರ್ಭದ ಕೊನೆಯ ಆರು ವಾರಗಳಲ್ಲಿ ಮೇವಿನ ಜೊತೆಗೆ ಪ್ರತಿ ಕುರಿಗೆ ದಿನಕ್ಕೆ 200–250 ಗ್ರಾಂ ದಾಣಿ ಮಿಶ್ರಣ ನೀಡಬೇಕು. ಇದರಿಂದ ಮರಿಯ ಜನನ ತೂಕವೂ ತಾಯಿಯ ಹಾಲೂ ಹೆಚ್ಚುತ್ತವೆ.

3. ಸಸಾರಜನಕ ಮತ್ತು ಗಂಧಕ: ಉಣ್ಣೆಯು ಗಂಧಕ ಹೆಚ್ಚಾಗಿರುವ ಕೆರಾಟಿನ್ ಎಂಬ ಸಸಾರಜನಕದಿಂದ ಆಗಿದೆ. ಬರೀ ಒಣ ಹುಲ್ಲಿನ ಮೇಲೆ ಬದುಕುವ ಕುರಿಯ ಉಣ್ಣೆ ತೆಳುವಾಗಿ, ಎಳೆದರೆ ತುಂಡಾಗುತ್ತದೆ. ಶೇಂಗಾ ಹೊಟ್ಟು, ಅಲಸಂದೆ, ಕುದುರೆ ಮೆಂತ್ಯದಂತಹ ದ್ವಿದಳ ಮೇವು ನೀಡಿರಿ. ಸುಬಾಬುಲ್ ಸೊಪ್ಪು ಪೌಷ್ಟಿಕವಾದರೂ ಅದರಲ್ಲಿರುವ ಮಿಮೊಸಿನ್ ಎಂಬ ವಸ್ತುವು ಉಣ್ಣೆ ಉದುರಲು ಕಾರಣವಾಗುತ್ತದೆ. ಒಟ್ಟು ಮೇವಿನ ಮೂರನೇ ಒಂದು ಭಾಗವನ್ನು ಮೀರಬಾರದು.

4. ಖನಿಜಾಂಶ: ತಾಮ್ರದ ಕೊರತೆಯಿಂದ ಉಣ್ಣೆಯ ಸಹಜ ಗುಂಗುರು ಕಡಿಮೆಯಾಗುತ್ತದೆ. ಆದರೆ ತಾಮ್ರ ಹೆಚ್ಚಾದರೆ ಕುರಿಗಳಿಗೆ ವಿಷವಾಗುತ್ತದೆ. ದನಗಳಿಗಾಗಿ ತಯಾರಿಸಿದ ಖನಿಜ ಮಿಶ್ರಣವನ್ನು ಕುರಿಗಳಿಗೆ ಕೊಡಬೇಡಿರಿ.

5. ವಯಸ್ಸು, ಲಿಂಗ, ಆರೋಗ್ಯ: ಟಗರುಗಳು ಹೆಣ್ಣು ಕುರಿಗಳಿಗಿಂತ ಹೆಚ್ಚು ಉಣ್ಣೆ ಕೊಡುತ್ತವೆ. ವಯಸ್ಸಾದಂತೆ ಇಳುವರಿ ಕುಗ್ಗುತ್ತದೆ. ತೀವ್ರ ಜ್ವರ ಬಂದ ಕುರಿಯಲ್ಲಿ ಉಣ್ಣೆಯ ಎಳೆ ನಡುವೆ ದುರ್ಬಲವಾಗುತ್ತದೆ. ಕಜ್ಜಿ ಮತ್ತು ಹೇನಿನ ಬಾಧೆಯಿಂದ ಕುರಿಯು ಮೈ ಉಜ್ಜಿಕೊಂಡು ಉಣ್ಣೆಯನ್ನು ಹಾಳುಮಾಡಿಕೊಳ್ಳುತ್ತದೆ.

ಕತ್ತರಿಸುವಾಗ ಗಮನಿಸಬೇಕಾದವು

ಕುರಿಗಳ ಮೈ ತೊಳೆದು, ಉಣ್ಣೆ ಪೂರ್ಣ ಒಣಗಿದ ನಂತರ, ಸ್ವಚ್ಛ ನೆಲ ಅಥವಾ ತಾಡಪಾಲಿನ ಮೇಲೆ ಕತ್ತರಿಸಬೇಕು. ಒಂದೇ ಕಡೆ ಎರಡು ಬಾರಿ ಕತ್ತರಿ ಆಡಿಸಿದರೆ ತುಂಡು ಎಳೆಗಳು ಬಂದು ನೂಲಲು ಬಾರದು. ಬೆನ್ನು ಮತ್ತು ಪಕ್ಕೆಯ ಉಣ್ಣೆಯನ್ನು ಬೇರೆ ಇಡಿರಿ. ಹೊಟ್ಟೆ, ಕಾಲು, ಬಾಲದ ಉಣ್ಣೆಯನ್ನು ಅದರೊಂದಿಗೆ ಬೆರೆಸಬೇಡಿರಿ. ಉತ್ತರಾಣಿ ಬೀಜ ಮತ್ತು ಗುರುತಿನ ಬಣ್ಣ ಅಂಟಿದ ಉಣ್ಣೆಗೆ ಬೆಲೆ ಬಾರದು. ಬಣ್ಣವಾರು ವಿಂಗಡಿಸಿ, ಒಣಗಿದ ಗೋಣಿಚೀಲದಲ್ಲಿ ಶೇಖರಿಸಬೇಕು.

ತ್ಯಾಜ್ಯ ಉಣ್ಣೆ: ಹೊಲಕ್ಕೆ ಎಷ್ಟು ಲಾಭ?

ಶುದ್ಧ, ಒಣ ಉಣ್ಣೆಯಲ್ಲಿ ಸುಮಾರು ಶೇ. 16ರಷ್ಟು ಸಾರಜನಕವಿದೆ. 100 ಕುರಿಗಳ ಮಂದೆಯಿಂದ 50 ಕಿ.ಗ್ರಾಂ. ಉಣ್ಣೆ ಉಳಿಯಿತೆಂದು ಭಾವಿಸೋಣ. ಕೊಳೆ ಮತ್ತು ಜಿಡ್ಡಿಗೆಂದು ಐದನೇ ಒಂದು ಭಾಗ ಕಳೆದರೆ 40 ಕಿ.ಗ್ರಾಂ. ಉಣ್ಣೆ, ಅಂದರೆ 6.4 ಕಿ.ಗ್ರಾಂ. ಸಾರಜನಕ. ಇದು ಸುಮಾರು 14 ಕಿ.ಗ್ರಾಂ. ಯೂರಿಯಾಕ್ಕೆ ಸಮ. ಈ ಲೆಕ್ಕದಿಂದ ಇಡೀ ಹೊಲದ ಗೊಬ್ಬರದ ಅಗತ್ಯ ಪೂರೈಸದು. ಆದರೆ ಯೂರಿಯಾ ಕೆಲವೇ ದಿನಗಳಲ್ಲಿ ಕರಗಿ ಹೋಗುತ್ತದೆ. ಉಣ್ಣೆ ನಿಧಾನವಾಗಿ ಕೊಳೆತು ತಿಂಗಳುಗಟ್ಟಲೆ ಪೋಷಕಾಂಶ ಬಿಡುತ್ತದೆ, ಗಂಧಕವನ್ನೂ ಒದಗಿಸುತ್ತದೆ, ತೇವವನ್ನು ಹಿಡಿದಿಡುತ್ತದೆ. ಆದ್ದರಿಂದ ಹೊಲದ ತುಂಬ ಎರಚುವ ಬದಲು ಹಣ್ಣಿನ ಗಿಡಗಳ ಬುಡಕ್ಕೆ ಬಳಸುವುದು ಸೂಕ್ತ.

• ಹೊದಿಕೆಯಾಗಿ: ಮಾವು, ದಾಳಿಂಬೆ, ತೆಂಗಿನ ಸಸಿಗಳ ಸುತ್ತ ಸುಮಾರು ಎರಡು ಅಂಗುಲ ದಪ್ಪಕ್ಕೆ ಹರಡಿ, ಗಾಳಿಗೆ ಹಾರದಂತೆ ಮೇಲೆ ಮಣ್ಣು ಮುಚ್ಚಬೇಕು. ಕಾಂಡಕ್ಕೆ ತಾಗಿಸಬಾರದು. ಜಿಡ್ಡಿನ ಉಣ್ಣೆ ಬೇಗ ನೀರು ಹೀರದ ಕಾರಣ ಮೊದಲೇ ನೆನೆಸಿ ಬಳಸಿರಿ.

• ಕಾಂಪೋಸ್ಟ್ ಗುಂಡಿಯಲ್ಲಿ: ಉಣ್ಣೆಯಲ್ಲಿ ಸಾರಜನಕ ಹೆಚ್ಚು, ರಾಗಿ ಹುಲ್ಲು, ಜೋಳದ ದಂಟಿನಲ್ಲಿ ಇಂಗಾಲ ಹೆಚ್ಚು. ಇವೆರಡೂ ಒಂದಕ್ಕೊಂದು ಪೂರಕ. ಉಣ್ಣೆಯನ್ನು ಚಿಕ್ಕದಾಗಿ ಕತ್ತರಿಸಿ ತೆಳುವಾಗಿ ಹರಡಿ, ಅದರ ಮೇಲೆ ದಂಟು, ಸಗಣಿ ಬಗ್ಗಡ ಹಾಕುತ್ತ ಪದರ ಪದರವಾಗಿ ತುಂಬಿರಿ. ಮುದ್ದೆಯಾಗಿ ಹಾಕಿದರೆ ವರ್ಷವಾದರೂ ಕೊಳೆಯದು. ತೇವ ಆರದಂತೆ ನೋಡಿಕೊಂಡು ಆಗಾಗ ಮಗುಚಬೇಕು.

• ಇತರ ಬಳಕೆ: ಒರಟು ಉಣ್ಣೆಯನ್ನು ಒತ್ತಿ ತಯಾರಿಸುವ ಹಾಸುಗಳು, ನೆಲಹಾಸು, ಶಾಖ ನಿರೋಧಕ ಪದರಗಳಿಗೂ ಬಳಸಬಹುದು. ಇವುಗಳಿಗೆ ಹೆಚ್ಚಿನ ಪ್ರಮಾಣ ಬೇಕಾಗುವುದರಿಂದ ಕುರಿಗಾರರು ಸಂಘಗಳ ಮೂಲಕ ಒಟ್ಟುಗೂಡಿಸಿ ಮಾರುವುದು ಒಳಿತು.

ಎಚ್ಚರಿಕೆ

ಹಠಾತ್ತನೆ ಸತ್ತ ಕುರಿಯ ಉಣ್ಣೆಯನ್ನು ಯಾವ ಕಾರಣಕ್ಕೂ ಕತ್ತರಿಸಬಾರದು, ಹೆಣವನ್ನು ಸೀಳಬಾರದು. ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಉಣ್ಣೆಯ ಮೂಲಕ ಮನುಷ್ಯರಿಗೂ ಹರಡುತ್ತದೆ. ಅದರ ಬೀಜಾಣುಗಳು ಮಣ್ಣಿನಲ್ಲಿ ದಶಕಗಳ ಕಾಲ ಜೀವಂತವಾಗಿರಬಲ್ಲವು. ಇಂತಹ ಸಾವು ಕಂಡೊಡನೆ ಪಶುವೈದ್ಯರಿಗೆ ತಿಳಿಸಿರಿ. ಇತ್ತೀಚೆಗೆ ಕೀಟನಾಶಕದಲ್ಲಿ ಅದ್ದಿದ ಕುರಿಗಳ ಉಣ್ಣೆಯನ್ನು ತರಕಾರಿ ಬೆಳೆಗೆ ಹಾಕಬಾರದು. ಉಣ್ಣೆ ವಿಂಗಡಿಸುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿರಿ.

ವಿಸ್ತರಣಾ ಕಾರ್ಯಕರ್ತರು ಮುಂದಿನ ಉಣ್ಣೆ ಕತ್ತರಿಸುವ ಸಮಯದಲ್ಲಿ ಒಂದೊಂದು ಗ್ರಾಮದಲ್ಲಾದರೂ ಕೆಲವು ಹಣ್ಣಿನ ಗಿಡಗಳಿಗೆ ಉಣ್ಣೆಯ ಹೊದಿಕೆ ಹಾಕಿಸಿ, ಪಕ್ಕದ ಗಿಡಗಳನ್ನು ಹಾಗೆಯೇ ಬಿಟ್ಟು, ಬೇಸಿಗೆಯಲ್ಲಿ ಎರಡರ ಬುಡದ ತೇವವನ್ನು ರೈತರಿಗೆ ಮುಟ್ಟಿ ತೋರಿಸಬೇಕು. ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿ ಗೊಬ್ಬರ ಪಡೆಯುವ ರೂಢಿ ನಮ್ಮಲ್ಲಿ ಹಿಂದಿನಿಂದಲೂ ಇದೆ. ಮಂದೆಯ ಉಣ್ಣೆಗೂ ಆ ಹೊಲದಲ್ಲಿ ಸ್ಥಾನ ದೊರೆಯಲಿ.